ಕಂಬ ನಮ್ಮೂರಿನದು, ರೊಕ್ಕ ಯಾರದು? ಕರೆಂಟ್ ಜಾಲಕ್ಕೆ ಹಣ ತರುವ ದಾರಿಗಳ ಹೋಲಿಕೆ

ಮುಧೋಳ ತಾಲ್ಲೂಕಿನ ನಮ್ಮ ಹೊಲದ ಬದುವಿನಲ್ಲಿ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಇದೆ. 63 ಕೆವಿಎದು. ಎರಡು ಬೇಸಿಗೆ ಹಿಂದೆ, ಕಬ್ಬಿಗೆ ನೀರು ಬಿಡುವ ಹೊತ್ತಲ್ಲೇ ಅದು ಸುಟ್ಟಿತು. ತಪ್ಪು ಯಾರದು ಅಂತ ಹುಡುಕಲು ದೂರ ಹೋಗಬೇಕಿರಲಿಲ್ಲ. ಅದರ ಮೇಲೆ ಹನ್ನೊಂದು ಪಂಪ್‌ಸೆಟ್ ಇವೆ. ಕಾಗದದಲ್ಲಿ ಎಲ್ಲವೂ 5 ಎಚ್‌ಪಿ. ಬೋರಿನೊಳಗೆ ಇಳಿಬಿಟ್ಟಿರುವುದು ಹೆಚ್ಚಿನವು 7.5. ಕಾಗದದ ಲೆಕ್ಕ ಹಿಡಿದರೆ ಆ ಟಿಸಿ ಸಾಕು. ನೀರಿನ ಲೆಕ್ಕ ಹಿಡಿದರೆ ಸಾಲದು. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಹನ್ನೊಂದೂ ಒಟ್ಟಿಗೆ ಶುರುವಾದರೆ ಅದು ಇನ್ನೇನು ಮಾಡೀತು?

ಬೇರೆ ಟಿಸಿ ಬರುವವರೆಗೆ ಬೇವಿನ ಗಿಡದ ಕೆಳಗೆ ಕೂತಿದ್ದೆವು. ನಮ್ಮ ಕಾಕಾ ಕೇಳಿದರು: "ಅಲ್ಲಪಾ, ನೀ ಬ್ಯಾಂಕಿನ್ಯಾಗ ಸಾಲದ ಫೈಲ್ ನೋಡ್ತಿ. ಇಲ್ಲಿ ದೊಡ್ಡ ಟಿಸಿ ಕುಂದ್ರಸಾಕ, ಹೊಸ ಲೈನ್ ಎಳ್ಯಾಕ ರೊಕ್ಕ ಯಾರ್ದು ಬರ್ತೈತಿ? ಸರಕಾರದ್ದೋ, ಹೆಸ್ಕಾಂದ್ದೋ, ನಮ್ದೋ?"

ನಾನು ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವವನು. ಟ್ರ್ಯಾಕ್ಟರ್ ಸಾಲ, ಮಗ್ಗದ ಸಾಲ, ಎಮ್ಮೆ ಸಾಲ ಗೊತ್ತು. ಈ ಪ್ರಶ್ನೆಗೆ ಮಾತ್ರ ಆವತ್ತು ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ. ಹಣ ತರಲು ಹಲವು ದಾರಿ ಇವೆ. ಒಂದೊಂದನ್ನೂ ಸಾಲದ ಫೈಲು ನೋಡುವ ಹಾಗೆಯೇ ನೋಡೋಣ. ತೀರಿಸುವವರು ಯಾರು? ಎಷ್ಟು ವರ್ಷದಲ್ಲಿ? ಕೆಲಸ ಕೆಟ್ಟರೆ ನಷ್ಟ ಯಾರ ತಲೆಗೆ?

ಯಾವ ಕೆಲಸಕ್ಕೆ ಹಣ ಅಂತ ಮೊದಲು ನೋಡಿ

ಊರಲ್ಲಿ ಈಗಲೂ ಎಲ್ಲರೂ ಕೆಇಬಿ ಅಂತಲೇ ಅನ್ನುತ್ತಾರೆ. ಆದರೆ ಕೆಇಬಿ 1999ರಲ್ಲೇ ಮುಗಿಯಿತು. ದೊಡ್ಡ ಟವರ್ ಲೈನು, ದೊಡ್ಡ ಸ್ಟೇಷನ್ನುಗಳು ಕೆಪಿಟಿಸಿಎಲ್ ಕೈಗೆ ಹೋದವು. 2002ರಿಂದ ನಮ್ಮ ಕಡೆ ಹಂಚಿಕೆ ಹೆಸ್ಕಾಂನದು. ಹುಬ್ಬಳ್ಳಿಯಲ್ಲಿ ಕೂತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿ ಏಳು ಜಿಲ್ಲೆ ನೋಡುತ್ತದೆ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ.

ಕರೆಂಟ್ ಹುಟ್ಟುವುದಕ್ಕೆ ನಮ್ಮಲ್ಲಿ ಬರ ಇಲ್ಲ. ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಇದೆ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್. ಕಬ್ಬು ನುರಿಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಕೊಡುತ್ತವೆ. ಗಾಳಿ ಫ್ಯಾನುಗಳಂತೂ ದಾರಿಯುದ್ದಕ್ಕೂ ಕಾಣುತ್ತವೆ. ಇಷ್ಟಿದ್ದೂ ನಮ್ಮ ಹೊಲದಲ್ಲಿ ಮೋಟರ್ ಗುಂಯ್ ಅಂತ ಎಳೆದಾಡುತ್ತದೆ. ಕೆರೆ ತುಂಬಿದ್ದರೂ ಪೈಪು ಸಣ್ಣದಾದರೆ ಗದ್ದೆಯ ಕೊನೆಗೆ ನೀರು ಬರುವುದಿಲ್ಲ ಅಲ್ವಾ, ಇದೂ ಹಾಗೇ.

ಆ ಪೈಪಿನಲ್ಲಿ ಮೂರು ಥರ ಇವೆ. 220, 400 ಕೆವಿ ದೊಡ್ಡ ಲೈನು. 110, 33 ಕೆವಿ ಸ್ಟೇಷನ್ನು. ಸ್ಟೇಷನ್ನಿನಿಂದ ಊರಿಗೆ, ಹೊಲಕ್ಕೆ ಬರುವ 11 ಕೆವಿ ಲೈನು (ಅದೇ ಫೀಡರ್), ಟಿಸಿ, ಕಂಬ. ದೊಡ್ಡ ಲೈನಿನ ಆಯುಷ್ಯ 35 ವರ್ಷ ಅಂತ ನಿಯಮದಲ್ಲೇ ಲೆಕ್ಕ ಹಿಡಿಯುತ್ತಾರೆ. ನಮ್ಮ ಟಿಸಿಯ ಆಯುಷ್ಯ ಮಾತ್ರ ಕಾಕಾನ ಮೋಟರ್ ನೋಡಿಕೊಂಡು! ಎಲ್ಲಕ್ಕೂ ಒಂದೇ ಥರದ ಹಣ ಹೊಂದುವುದಿಲ್ಲ. ಎಮ್ಮೆ ಕೊಳ್ಳಲು ಇಪ್ಪತ್ತು ವರ್ಷದ ಸಾಲ ಯಾರೂ ಕೊಡುವುದಿಲ್ಲ. ಮನೆ ಕಟ್ಟಲು ಎರಡು ವರ್ಷದ ಸಾಲ ಯಾರೂ ತೆಗೆಯುವುದಿಲ್ಲ.

ಬಿಲ್ಲಿನಿಂದ

ಮೊದಲ ದಾರಿ ನಮ್ಮ ಕರೆಂಟ್ ಬಿಲ್ಲು. ಕಂಪನಿ ಖರ್ಚು ಮಾಡುತ್ತದೆ, ಆಯೋಗ ಒಪ್ಪಿದ ಖರ್ಚು ದರದಲ್ಲಿ ಸೇರುತ್ತದೆ. ಬೇರೆ ದಾರಿಗಳೂ ಸುತ್ತಿ ಬಳಸಿ ಕೊನೆಗೆ ಬಹುಪಾಲು ಇಲ್ಲಿಗೇ ಬರುತ್ತವೆ. ಅದಕ್ಕೇ ಇದನ್ನು ಮೊದಲು ಹೇಳಿದೆ.

ಹಳೆಯ ಹೊರೆ ಬಿಲ್ಲಿಗೆ ಹೇಗೆ ಬರುತ್ತದೆ ಅಂತ ನೋಡಬೇಕಾದರೆ 2025ರ ಏಪ್ರಿಲ್ ಬಿಲ್ಲು ನೆನಪಿಸಿಕೊಳ್ಳಿ. ಕೆಪಿಟಿಸಿಎಲ್ ಮತ್ತು ಎಸ್ಕಾಂ (ಹೆಸ್ಕಾಂನಂಥ ಹಂಚಿಕೆ ಕಂಪನಿಗಳು) ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಅಂತ ಯೂನಿಟ್ಟಿಗೆ 36 ಪೈಸೆ ಸೇರಿತು. ಅದಕ್ಕೂ ಹೊಸ ತಂತಿಗೂ ಸಂಬಂಧ ಇಲ್ಲ. ಆದರೆ ಪಾಠ ಒಂದೇ. ಯಾವತ್ತೋ ಒಪ್ಪಿಕೊಂಡ ಬಾಕಿ ಯಾವತ್ತೋ ಒಂದು ದಿನ ಪೈಸೆ ಲೆಕ್ಕದಲ್ಲಿ ಮನೆ ಬಾಗಿಲಿಗೆ ಬರುತ್ತದೆ.

ನಮ್ಮ ಕಡೆ ಈ ದಾರಿಗೆ ಒಂದು ದೊಡ್ಡ ತೊಡಕಿದೆ. ಹೆಸ್ಕಾಂ ಹಂಚುವ ಕರೆಂಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಪಂಪ್‌ಸೆಟ್ಟುಗಳದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಮನೆಗಳಿಗೂ ಸೊನ್ನೆ ಬಿಲ್ಲು. ಇವರ ಪಾಲನ್ನು ರಾಜ್ಯ ಸರ್ಕಾರ ಸಬ್ಸಿಡಿಯಾಗಿ ಕಟ್ಟಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಕಲಮು ಆ ಹಣವನ್ನು ಮುಂಗಡವಾಗಿಯೇ ಕೊಡಬೇಕು ಅನ್ನುತ್ತದೆ. ನಾನು ಸಾಲ ಕೊಡುವ ಅಧಿಕಾರಿಯಾಗಿದ್ದರೆ ಈ ಗಿರಾಕಿಯನ್ನು ನೋಡಿ ಏನು ಬರೆಯುತ್ತಿದ್ದೆ ಗೊತ್ತಾ? "ಅಂಗಡಿಯಲ್ಲಿ ವ್ಯಾಪಾರ ಜೋರಿದೆ. ಆದರೆ ಅರ್ಧ ಮಾಲು ಉದ್ರಿ ಹೋಗುತ್ತದೆ. ಉದ್ರಿ ತೀರಿಸುವವರು ಬೇರೆ ಊರಲ್ಲಿದ್ದಾರೆ."

ಹಾಗಂತ ಉಚಿತ ಕರೆಂಟ್ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯ ಬೋರೂ ಅದರ ಮೇಲೇ ಓಡುತ್ತಿದೆ. ಜಾಲದ ಖರ್ಚನ್ನೆಲ್ಲ ಬಿಲ್ಲಿನ ಮೇಲೆ ಹಾಕಿದರೆ ಅದು ನೇರವಾಗಿ ಬೀಳುವುದು ಬಿಲ್ಲು ಕಟ್ಟುವವರ ಮೇಲೆ ಅಂತ ನೆನಪಿರಲಿ. ಅಂದರೆ ಬೆಳಗಾವಿ ಉದ್ಯಮಬಾಗಿನ ಫೌಂಡ್ರಿ, ಊರಿನ ಹಿಟ್ಟಿನ ಗಿರಣಿ, ಮೇನ್ ರೋಡಿನ ಅಂಗಡಿ.

ಅನುದಾನ: ಬಡ್ಡಿ ಇಲ್ಲ, ಷರತ್ತು ಇದೆ

ಕೇಂದ್ರದ ಯೋಜನೆಗಳ ಹೆಸರು ಬದಲಾಗುತ್ತಾ ಬಂದಿದೆ. ಅನುದಾನದ ಪಾಲೂ ಜತೆಗೇ ಇಳಿಯುತ್ತಾ ಬಂದಿದೆ. 2005ರ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆಯಲ್ಲಿ 90 ಪಾಲು ಅನುದಾನ, 10 ಪಾಲು ಸಾಲ. 2014ರ ದೀನದಯಾಳ್ ಯೋಜನೆಯಲ್ಲಿ ನಮ್ಮಂಥ ರಾಜ್ಯಕ್ಕೆ 60 ಅನುದಾನ, 30 ಸಾಲ, 10 ಕಂಪನಿಯ ಸ್ವಂತದ್ದು. ಗುರಿ ಮುಟ್ಟಿದರೆ ಇನ್ನೂ 15. 2021ರಲ್ಲಿ ಬಂದ ಆರ್‌ಡಿಎಸ್‌ಎಸ್, ಅಂದರೆ ಹಂಚಿಕೆ ಜಾಲ ಸುಧಾರಿಸುವ ಯೋಜನೆ, ಲೆಕ್ಕದಲ್ಲಿ ದೊಡ್ಡದು. ಒಟ್ಟು 3,03,758 ಕೋಟಿ ರೂಪಾಯಿ ಅಂದಾಜು, ಅದರಲ್ಲಿ ಕೇಂದ್ರದ ನೆರವು 97,631 ಕೋಟಿ. ಸೋರಿಕೆ (ದಾರಿಯಲ್ಲೇ ಕಳೆದುಹೋಗುವ, ದುಡ್ಡು ಬರದ ಕರೆಂಟ್) ತಗ್ಗಿಸುವ ಕೆಲಸಕ್ಕೆ ನೂರಕ್ಕೆ 60 ಸಿಗುತ್ತದೆ. ಸ್ಮಾರ್ಟ್ ಮೀಟರಿಗೆ ಮಾತ್ರ ನೂರಕ್ಕೆ 15 ಅಥವಾ ಮೀಟರಿಗೆ 900 ರೂಪಾಯಿ, ಯಾವುದು ಕಡಿಮೆಯೋ ಅದು.

ಅನುದಾನದ ದೊಡ್ಡ ಲಾಭ ಹೊರಗೆ ಕಾಣುವುದಿಲ್ಲ. ಅನುದಾನದಿಂದ ಹಾಕಿದ ಕಂಬಕ್ಕೆ ಬಡ್ಡಿ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಮೇಲೆ ಕಂಪನಿ ಲಾಭ ಕೇಳುವಂತೆಯೂ ಇಲ್ಲ, ಸವಕಳಿ ಖರ್ಚನ್ನೂ ದರದಲ್ಲಿ ಸೇರಿಸುವಂತಿಲ್ಲ. ಹಾಗಾಗಿ ಅದನ್ನು ಕಟ್ಟಿದ ಖರ್ಚು ಬಿಲ್ಲಿನ ಕಡೆ ಸುಳಿಯುವುದೇ ಇಲ್ಲ.

ಕೊರತೆ ಏನು? ಷರತ್ತುಗಳು. ಆರ್‌ಡಿಎಸ್‌ಎಸ್‌ನಲ್ಲಿ ಸೋರಿಕೆ ಇಳಿದಿದೆಯಾ, ಸರ್ಕಾರ ಸಬ್ಸಿಡಿ ಬಾಕಿ ಕೊಟ್ಟಿದೆಯಾ, ಲೆಕ್ಕಪತ್ರ ಹೊತ್ತಿಗೆ ಮುಗಿದಿದೆಯಾ ಅಂತ ನೋಡಿಯೇ ಹಣ ಬಿಡುಗಡೆ. ಇದು ಸರಿಯಾದ ಕ್ರಮವೇ. ಆದರೆ ಮೀಟರಿಲ್ಲದ ಪಂಪ್‌ಸೆಟ್ಟುಗಳೇ ತುಂಬಿದ ಕಡೆ ಸೋರಿಕೆ ಎಷ್ಟು, ಬಳಕೆ ಎಷ್ಟು ಅಂತ ಹೇಗೆ ಬಿಡಿಸುತ್ತೀರಿ? ಎರಡೂ ಅಂದಾಜೇ. ಇನ್ನೊಂದು ಕೊರತೆ ಅಂದರೆ, ಅನುದಾನ ಕಟ್ಟುವುದಕ್ಕೆ ಸಿಗುತ್ತದೆ, ಕಾಯುವುದಕ್ಕೆ ಸಿಗುವುದಿಲ್ಲ. ಹೊಸ ಕಂಬ ಬರುತ್ತದೆ, ಹೊಸ ಲೈನ್‌ಮನ್ ಬರುವುದಿಲ್ಲ.

ಆದರೂ ಅನುದಾನ ಎಂಥ ಕೆಲಸಕ್ಕೆ ಸರಿ ಅನ್ನಲು ಒಂದು ಉದಾಹರಣೆ ಹೇಳಲೇಬೇಕು. ನಮ್ಮ ರಾಜ್ಯದ ನಿರಂತರ ಜ್ಯೋತಿ. ಅದು ಊರಿನ ಫೀಡರ್ ಬೇರೆ, ಹೊಲದ ಫೀಡರ್ ಬೇರೆ ಮಾಡಿತು. ಅದಕ್ಕೆ ಮುಂಚೆ ಪಂಪ್‌ಸೆಟ್ ಪಾಳಿ ಮುಗಿದರೆ ಊರೂ ಕತ್ತಲಾಗುತ್ತಿತ್ತು. ನನ್ನ ಅವ್ವ ಚಿಮಣಿ ದೀಪ ಒರೆಸಿಡುವುದನ್ನು ಬಿಟ್ಟಿದ್ದು ಅದಾದ ಮೇಲೇ. ಇಂಥ ಕೆಲಸದಿಂದ ಕಂಪನಿಗೆ ಆದಾಯ ಹೆಚ್ಚಾಗುವುದಿಲ್ಲ, ಸಾಲ ಮಾಡಿ ಮಾಡಿದರೆ ತೀರುವುದೂ ಇಲ್ಲ. ಜನಕ್ಕೆ ಬೇಕು, ರೊಕ್ಕ ಹುಟ್ಟುವುದಿಲ್ಲ ಅನ್ನುವ ಕೆಲಸಕ್ಕೆ ಅನುದಾನವೇ ಸರಿ.

ಸಾಲ: ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ

ವಿದ್ಯುತ್ ಕಂಪನಿಗಳಿಗೆ ಸಾಲ ಕೊಡುವ ದೊಡ್ಡ ಮನೆಗಳು ಎರಡು. 1969ರಲ್ಲಿ ಶುರುವಾದ ಆರ್‌ಇಸಿ, 1986ರ ಪಿಎಫ್‌ಸಿ. 2019ರಿಂದ ಆರ್‌ಇಸಿ ಕೂಡ ಪಿಎಫ್‌ಸಿಯ ಒಡೆತನದಲ್ಲೇ ಇದೆ. ಬ್ಯಾಂಕುಗಳೂ ಕೊಡುತ್ತವೆ.

ಸುಮ್ನೆ ಲೆಕ್ಕಕ್ಕೆ 100 ಕೋಟಿ ರೂಪಾಯಿ ಸಾಲ ಅಂದುಕೊಳ್ಳಿ. ಬಡ್ಡಿ ನೂರಕ್ಕೆ ಒಂಬತ್ತೂವರೆ. ಅಸಲನ್ನು ಸಮ ಕಂತಿನಲ್ಲಿ 10 ವರ್ಷದಲ್ಲಿ ತೀರಿಸುವುದಾದರೆ ಮೊದಲ ವರ್ಷ ಅಸಲು 10, ಬಡ್ಡಿ 9.5, ಒಟ್ಟು 19.5 ಕೋಟಿ. ಹತ್ತು ವರ್ಷದ ಒಟ್ಟು ಬಡ್ಡಿ 52.25 ಕೋಟಿ. ಅದೇ ಸಾಲವನ್ನು 25 ವರ್ಷಕ್ಕೆ ಹಂಚಿದರೆ ಮೊದಲ ವರ್ಷ 13.5 ಕೋಟಿ ಸಾಕು. ಆದರೆ ಒಟ್ಟು ಬಡ್ಡಿ 123.5 ಕೋಟಿ.

ಯಾವುದು ಒಳ್ಳೆಯದು? ನಮ್ಮ ಬ್ಯಾಂಕಿಗೆ ಬರುವ ರೈತರಿಗೆ ನಾನು ಯಾವಾಗಲೂ ಬೇಗ ತೀರಿಸಿ ಅಂತಲೇ ಹೇಳುತ್ತೇನೆ. ಇಲ್ಲಿ ಮಾತ್ರ ಹಾಗೆ ಹೇಳಲಾರೆ. ಲೈನು 35 ವರ್ಷ ಬಾಳುತ್ತದೆ. ಹತ್ತು ವರ್ಷದಲ್ಲಿ ಅದರ ಪೂರ್ತಿ ಬೆಲೆ ತೀರಿಸಿದರೆ ಇವತ್ತಿನ ಗಿರಾಕಿ ಎಲ್ಲಾ ಕಟ್ಟುತ್ತಾನೆ, ಅವನ ಮಗ ಪುಕ್ಕಟೆ ಬಳಸುತ್ತಾನೆ. ದೊಡ್ಡ ಲೈನು, ದೊಡ್ಡ ಸ್ಟೇಷನ್ನಿಗೆ ಉದ್ದ ಸಾಲವೇ ನ್ಯಾಯ. ಟಿಸಿ, ಕಂಬ, ಕೇಬಲ್ ರಿಪೇರಿಗೆ ಉದ್ದ ಸಾಲ ತೆಗೆಯುವುದು ಹಬ್ಬದ ಖರ್ಚಿಗೆ ಹೊಲ ಅಡವಿಟ್ಟ ಹಾಗೆ. ಇನ್ನು ಸಬ್ಸಿಡಿ ತಡವಾಯಿತು ಅಂತ ಕರೆಂಟ್ ಖರೀದಿಗೆ ಸಾಲ ತೆಗೆದರೆ ಆ ಬಡ್ಡಿಯ ಎದುರು ತೋರಿಸಲು ಒಂದು ತುಂಡು ತಂತಿಯೂ ಇರುವುದಿಲ್ಲ.

ಹೊರದೇಶದ ಸಾಲ ನೋಡಲು ಅಗ್ಗ. ಅದೇ 100 ಕೋಟಿ, 25 ವರ್ಷ, ನೂರಕ್ಕೆ 3 ಬಡ್ಡಿ ಅಂದುಕೊಂಡರೆ ಮೊದಲ ವರ್ಷ 7 ಕೋಟಿ, ಒಟ್ಟು ಬಡ್ಡಿ 39 ಕೋಟಿ. ಬಾಯಲ್ಲಿ ನೀರು ಬರುತ್ತದೆ. ಆದರೆ ಸಾಲ ಡಾಲರಿನಲ್ಲಿ, ಆದಾಯ ರೂಪಾಯಿಯಲ್ಲಿ. 2011ರ ನಡುವಿನಲ್ಲಿ ಡಾಲರಿಗೆ ಸುಮಾರು 45 ರೂಪಾಯಿ ಇತ್ತು. 2025ರಲ್ಲಿ 85 ದಾಟಿತು. ಆವಾಗ 4 ಕೋಟಿ ಇದ್ದ ಕಂತು ಈಗ ಏಳೂವರೆ ಕೋಟಿ ಆಗಿರುತ್ತದೆ. ವರ್ಷಕ್ಕೆ ಸರಾಸರಿ ನಾಲ್ಕೂವರೆ ಪರ್ಸೆಂಟ್ ರೂಪಾಯಿ ಜಾರಿದ ಹಾಗಾಯಿತು. 3ಕ್ಕೆ ನಾಲ್ಕೂವರೆ ಸೇರಿಸಿ. ಅಗ್ಗ ಅಂದಿದ್ದು ಅಷ್ಟೇನೂ ಅಗ್ಗವಲ್ಲ. 2005ರಿಂದ ಈಚೆಗೆ ರಾಜ್ಯದ ಹೆಸರಲ್ಲಿ ಬರುವ ಹೊರಗಿನ ಸಾಲದಲ್ಲಿ ಈ ಏರಿಳಿತ ರಾಜ್ಯದ ತಲೆಗೇ ಬರುತ್ತದೆ, ಕೇಂದ್ರ ಹೊರುವುದಿಲ್ಲ.

ಬೆಂಗಳೂರಿಗೆ ಇಂಥ ಸಾಲ ಬಂದಿದೆ. ಬೆಸ್ಕಾಂನ ಜಾಲ ಆಟೊಮೇಷನ್ನಿಗೆ ಜಪಾನಿನ ನೆರವು ಸಂಸ್ಥೆ ಜೈಕಾ ಕೊಟ್ಟಿತು. ತಂತಿಗಳನ್ನು ನೆಲದಡಿ ಹಾಕಲು 2020ರ ಕೊನೆಯಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ 19 ಕೋಟಿ ಡಾಲರ್ ಒಪ್ಪಿತು. ಅದರಲ್ಲಿ 9 ಕೋಟಿ ಡಾಲರ್ ಸರ್ಕಾರದ ಖಾತರಿಯೇ ಇಲ್ಲದೆ. ಅಲ್ಲಿ ಬಿಲ್ಲು ಕಟ್ಟುವ ಗಿರಾಕಿ ಇದ್ದಾರೆ, ಅದಕ್ಕೇ ಅವರು ಧೈರ್ಯ ಮಾಡಿದರು. ಸಿಂದಗಿಯ ಪಂಪ್‌ಸೆಟ್ ಫೀಡರಿಗೆ ಖಾತರಿ ಇಲ್ಲದೆ ಯಾರು ಕೊಡುತ್ತಾರೆ? ನಮ್ಮ ಕಡೆಗೆ ಹೊಂದುವುದು ಗ್ರೀನ್ ಎನರ್ಜಿ ಕಾರಿಡಾರಿನಂಥ ಮಿಶ್ರಣ. ಗಾಳಿ, ಬಿಸಿಲಿನ ಕರೆಂಟ್ ಒಯ್ಯುವ ರಾಜ್ಯದೊಳಗಿನ ಲೈನಿಗೆ 2022ರಲ್ಲಿ ಒಪ್ಪಿಗೆಯಾದ ಎರಡನೇ ಹಂತದಲ್ಲಿ ಕರ್ನಾಟಕವೂ ಇದೆ. ನೂರಕ್ಕೆ 33 ಕೇಂದ್ರದ ಅನುದಾನ, ಉಳಿದದ್ದಕ್ಕೆ ಸಾಲ. ಹೊರೆ ಮೂರರಲ್ಲಿ ಒಂದು ಪಾಲು ಇಳಿಯಿತಲ್ಲ, ಅದು ಸಣ್ಣದಲ್ಲ.

ಬೇರೆಯವರು ಕಟ್ಟಲಿ, ನಾವು ಬಾಡಿಗೆ ಕೊಡೋಣ

ಇದು ಸ್ಪರ್ಧಾತ್ಮಕ ಬಿಡ್ಡಿಂಗ್. ಒಂದು ಲೈನು ಬೇಕು ಅಂತ ಸರ್ಕಾರ ಹೇಳುತ್ತದೆ. ವರ್ಷಕ್ಕೆ ಇಷ್ಟು ಶುಲ್ಕ ಕೊಟ್ಟರೆ ನಾನು ಕಟ್ಟಿ ನಡೆಸುತ್ತೇನೆ ಅಂತ ಕಂಪನಿಗಳು ಕೂಗುತ್ತವೆ. ಕಡಿಮೆ ಕೂಗಿದವರಿಗೆ 35 ವರ್ಷ. ಬ್ರೆಜಿಲ್ ಸುಮಾರು 1999ರಿಂದ ಹೀಗೇ ದೊಡ್ಡ ಲೈನುಗಳನ್ನು ಹರಾಜು ಹಾಕುತ್ತಾ ಬಂದಿದೆ. ನಮ್ಮಲ್ಲಿ 2011ರಿಂದ ಅಂತರರಾಜ್ಯ ಲೈನುಗಳಿಗೆ ಇದೇ ಕ್ರಮ. ಉದಾಹರಣೆ ಹುಡುಕಲು ನಾವು ಬ್ರೆಜಿಲ್‌ಗೆ ಹೋಗಬೇಕಿಲ್ಲ. ಕೂಡಗಿಯ ಕರೆಂಟನ್ನು ಧಾರವಾಡ ಹತ್ತಿರದ ನರೇಂದ್ರಕ್ಕೆ, ಅಲ್ಲಿಂದ ಮುಂದೆ ದಕ್ಷಿಣಕ್ಕೆ ಒಯ್ಯುವ ಲೈನನ್ನು ಹೀಗೆ ಬಿಡ್ಡಿನಲ್ಲಿ ಗೆದ್ದ ಖಾಸಗಿ ಕಂಪನಿಯೇ ಕಟ್ಟಿತು.

ನನಗೆ ಈ ದಾರಿ ಇಷ್ಟ. ಕಟ್ಟುವಾಗ ಉಕ್ಕಿನ ಬೆಲೆ ಏರಿದರೆ, ಕೆಲಸ ತಡವಾದರೆ, ಆ ನಷ್ಟ ಬಹುಪಾಲು ಕಟ್ಟುವವನದು. ಸರ್ಕಾರಿ ಕೆಲಸದಲ್ಲಿ ಅಂದಾಜು ಪರಿಷ್ಕರಣೆ ಅಂತ ಒಂದು ಫೈಲು ಓಡುತ್ತದಲ್ಲ, ಇಲ್ಲಿ ಅದಕ್ಕೆ ಜಾಗ ಕಡಿಮೆ. ಆದರೆ ಎರಡು ಮಾತು. ಬಿಡ್ಡು ಇಲ್ಲದೆ ಒಬ್ಬರನ್ನೇ ಕರೆದು ಕೊಟ್ಟರೆ ಇದರ ಲಾಭವೇ ಹೋಯಿತು. ಕೀನ್ಯಾ 2024ರ ಅಕ್ಟೋಬರ್‌ನಲ್ಲಿ ಹಾಗೆ ಸಹಿ ಮಾಡಿದ ಲೈನಿನ ಒಪ್ಪಂದವನ್ನು ನವೆಂಬರ್‌ನಲ್ಲೇ ರದ್ದು ಮಾಡಬೇಕಾಯಿತು. ಇನ್ನೊಂದು, ಟವರ್ ನಿಲ್ಲುವುದು ಯಾರದೋ ಹೊಲದಲ್ಲಿ. ಕೇಂದ್ರದ 2024ರ ಜೂನ್ ಮಾರ್ಗಸೂಚಿ ಟವರ್ ಬುಡದ ಜಾಗಕ್ಕೆ ಜಮೀನು ಬೆಲೆಯ ಎರಡು ಪಟ್ಟು, ತಂತಿ ಹಾಯುವ ಪಟ್ಟಿಗೆ ನೂರಕ್ಕೆ 30 ಪರಿಹಾರ ಅನ್ನುತ್ತದೆ. ಬಿಡ್ಡಿನಲ್ಲಿ ಕಡಿಮೆ ಕೂಗಿ ಗೆದ್ದವನು ರೈತನ ಹತ್ತಿರ ಚೌಕಾಸಿಗೆ ಬರುತ್ತಾನೆ. ಅದಕ್ಕೇ ಪರಿಹಾರದ ದರ ಬಿಡ್ಡಿಗೆ ಮುಂಚೆಯೇ ಬರವಣಿಗೆಯಲ್ಲಿ ಇರಬೇಕು.

ಈ ಕ್ರಮ ಹಂಚಿಕೆಗೆ ಬರುವುದಿಲ್ಲ. ದೊಡ್ಡ ಲೈನಿಗೆ ಗಿರಾಕಿ ಹತ್ತು ಇಪ್ಪತ್ತು. ಊರಿನ ಫೀಡರಿಗೆ ಗಿರಾಕಿ ಸಾವಿರ. ಅಲ್ಲಿ ಹಂಚಿಕೆ, ಬಿಲ್ಲು ವಸೂಲಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟರೆ ಅದರ ಹೆಸರು ಫ್ರಾಂಚೈಸಿ. ಮಹಾರಾಷ್ಟ್ರದ ಭಿವಂಡಿ ನಮ್ಮ ರಬಕವಿ-ಬನಹಟ್ಟಿಯ ದೊಡ್ಡಣ್ಣನಂಥ ಮಗ್ಗದ ಊರು. 2007ರ ಜನವರಿಯಲ್ಲಿ ಅಲ್ಲಿ ಫ್ರಾಂಚೈಸಿ ಬಂತು. ಅರ್ಧಕ್ಕಿಂತ ಜಾಸ್ತಿ ಇದ್ದ ಸೋರಿಕೆ ಕೆಲವೇ ವರ್ಷದಲ್ಲಿ ಅದರರ್ಧಕ್ಕಿಂತ ಕೆಳಗೆ ಬಂತು. ಆದರೆ ಒಡಿಶಾ 1999ರಲ್ಲಿ ಹಂಚಿಕೆಯನ್ನೇ ಖಾಸಗಿಗೆ ಕೊಟ್ಟು, 2015ರಲ್ಲಿ ಮೂರು ಕಂಪನಿಗಳ ಲೈಸೆನ್ಸ್ ರದ್ದು ಮಾಡಿ, 2020ರ ಹೊತ್ತಿಗೆ ಮತ್ತೆ ಮೊದಲಿಂದ ಶುರು ಮಾಡಿತು. ಉಗಾಂಡಾದ 20 ವರ್ಷದ ಗುತ್ತಿಗೆ 2025ರ ಮಾರ್ಚ್‌ನಲ್ಲಿ ಮುಗಿದಾಗ ಕಂಪನಿ ಹಾಕಿದ ಹಣಕ್ಕೆ ಎಷ್ಟು ವಾಪಸ್ ಕೊಡಬೇಕು ಅಂತ ಜಗಳ ನಿಂತಿತು. ಬಿಲ್ಲು ಬರುವ ಪಟ್ಟಣಕ್ಕೆ ಫ್ರಾಂಚೈಸಿ ಸರಿಹೋಗಬಹುದು. ಹಳ್ಳಿಗೆ ಬೇಡ. ಬೆಳಗಾವಿ ಶಹರವನ್ನು ಮಾತ್ರ ಕಿತ್ತು ಕೊಟ್ಟರೆ ಹೆಸ್ಕಾಂ ಕೈಯಲ್ಲಿ ಉದ್ರಿ ಗಿರಾಕಿಗಳಷ್ಟೇ ಉಳಿಯುತ್ತಾರೆ.

ಹುಕ್ಕೇರಿಯವರು ಮಾಡಿದ್ದು

ಇಡೀ ಕರ್ನಾಟಕದಲ್ಲಿ ಒಂದೇ ಕಡೆ ಸಿಗುವ ದಾರಿ ಬೆಳಗಾವಿ ಜಿಲ್ಲೆಯಲ್ಲಿದೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಹುಟ್ಟಿತು. ಆಗ ಆರ್‌ಇಸಿ ದೇಶದಲ್ಲಿ ಐದು ಕಡೆ ಪ್ರಯೋಗಕ್ಕೆ ಇಂಥ ಸಂಘಗಳಿಗೆ ಹಣ ಕೊಟ್ಟಿತ್ತು. ಹುಕ್ಕೇರಿ, ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣದ ಸಿರಿಸಿಲ್ಲ, ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ. ಕರೆಂಟನ್ನು ಸಗಟಾಗಿ ಕೊಂಡು, ತನ್ನದೇ ಕಂಬ ತಂತಿಯ ಮೇಲೆ ಸದಸ್ಯರಿಗೆ ಹಂಚುವುದು ಇದರ ಕೆಲಸ. ಹಾಲಿನ ಡೇರಿ, ಸಕ್ಕರೆ ಕಾರ್ಖಾನೆ ಸಹಕಾರದಲ್ಲಿ ನಡೆಯುವುದಾದರೆ ಕರೆಂಟ್ ಯಾಕೆ ನಡೆಯಬಾರದು ಅನ್ನುವ ಯೋಚನೆ.

ಇದರ ಬಲ ಏನು ಅಂದರೆ ಕಂಬ ಬಿದ್ದರೆ ಯಾರನ್ನು ಕೇಳಬೇಕು ಅಂತ ಊರಿಗೆ ಗೊತ್ತು. ಅಧ್ಯಕ್ಷರು ಮದುವೆಯಲ್ಲಿ ಸಿಗುತ್ತಾರೆ. ದುರ್ಬಲತೆಯೂ ಅದೇ. ಅಧ್ಯಕ್ಷರು ಮದುವೆಯಲ್ಲಿ ಸಿಗುತ್ತಾರೆ ಅಂದಮೇಲೆ ಬಾಕಿ ವಸೂಲಿಗೆ ಬಿಗಿ ಹಿಡಿಯುವುದು ಕಷ್ಟ. 2025ರಲ್ಲಿ ಅದರ ಆಡಳಿತ ಮಂಡಳಿ ಚುನಾವಣೆ ನಡೆದಾಗ ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳೆಲ್ಲ ಕಣಕ್ಕಿಳಿದವು. ಕರೆಂಟಿನ ಸಂಘಕ್ಕೆ ಅಷ್ಟು ಬೆಲೆ ಇದೆ ಅಂತ ಖುಷಿಪಡಬೇಕೋ, ಲೈನ್ ಎಳೆಯುವ ನಿರ್ಧಾರವೂ ಅಲ್ಲೇ ಆಗುತ್ತದೆ ಅಂತ ಅಂಜಬೇಕೋ, ನನಗೆ ಇನ್ನೂ ಬಗೆಹರಿದಿಲ್ಲ. ಮುಳಾ-ಪ್ರವರಾ ಸಂಘ ಬಾಕಿಯಲ್ಲಿ ಮುಳುಗಿ 2011ರಲ್ಲಿ ಕೆಲಸ ಕಳೆದುಕೊಂಡಿತು. ಸಿರಿಸಿಲ್ಲ ಈಗಲೂ ನಡೆಯುತ್ತಿದೆ, ಹುಕ್ಕೇರಿಯೂ ನಡೆಯುತ್ತಿದೆ.

ಹೊಸದಾಗಿ ಇಂಥ ಸಂಘ ಕಟ್ಟಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಗಟು ಕರೆಂಟಿನ ದರ ನಮ್ಮ ಕೈಯಲ್ಲಿಲ್ಲ, ಉಚಿತ ಪಂಪ್‌ಸೆಟ್ಟಿನ ಸಬ್ಸಿಡಿ ಬರುವ ದಿನವೂ ನಮ್ಮ ಕೈಯಲ್ಲಿಲ್ಲ. ಎರಡರ ನಡುವೆ ಸಣ್ಣ ಸಂಘ ಜಜ್ಜಿಹೋಗುತ್ತದೆ. ಬೇರೂರಿ ನಿಂತಿರುವುದನ್ನು ಉಳಿಸಿಕೊಳ್ಳುವುದೇ ಜಾಣತನ.

ರೈತನ ಕೈಯಿಂದ, ಇಲ್ಲವೇ ಬಿಸಿಲಿನಿಂದ

ಈಗ ಮತ್ತೆ ಬೇವಿನ ಗಿಡದ ಕೆಳಗೆ ಬರೋಣ. ಹೆಸ್ಕಾಂ ತಾನೇ ದೊಡ್ಡ ಟಿಸಿ ಕೊಡಲಿ ಅಂತ ಕಾಯುವುದನ್ನು ಬಿಟ್ಟರೆ ನಮಗಿದ್ದ ದಾರಿಗಳು ಎರಡು.

ಒಂದು ಶೀಘ್ರ ಸಂಪರ್ಕ. ಕಂಬ, ತಂತಿ, ಟಿಸಿ ಖರ್ಚನ್ನು ರೈತರೇ ಹಾಕಿ, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಮಾಡಿಸುವುದು. ಕಂಪನಿ ಮೇಲ್ವಿಚಾರಣೆ ಮಾಡುತ್ತದೆ. ಬೇಗ ಆಗುತ್ತದೆ, ಅದೇ ಇದರ ಗುಣ. ಆದರೆ ಕೆಲಸ ಮುಗಿದ ಮೇಲೆ ಅದು ಕಂಪನಿಯ ಆಸ್ತಿ. ನಾಳೆ ಪಕ್ಕದ ಹೊಲದವರು ಅದರ ಮೇಲೇ ಸಂಪರ್ಕ ತೆಗೆದುಕೊಂಡರೆ ನೀವು ಹಾಕಿದ ದುಡ್ಡಿನ ಪಾಲು ವಾಪಸ್ ಬರುವುದಿಲ್ಲ. ಪಟ್ಟಿ ಎತ್ತಿ ದುಡ್ಡು ಕೂಡಿಸುವವರು ಇದನ್ನು ಮೊದಲೇ ಮಾತಾಡಿಕೊಳ್ಳಬೇಕು. ಎಲ್ಲರೂ ಸಮಪಾಲು ಹಾಕಬೇಡಿ, ಎಚ್‌ಪಿ ಲೆಕ್ಕದಲ್ಲಿ ಹಾಕಿ. ಸಮಪಾಲು ಅಂದ ಕಡೆ ಮೂರು ಎಚ್‌ಪಿಯವನು ಹತ್ತು ಎಚ್‌ಪಿಯವನ ಟಿಸಿ ಕೊಡಿಸಿದ ಹಾಗೆ ಆಗುತ್ತದೆ.

ಬ್ಯಾಂಕಿನವನಾಗಿ ಇನ್ನೊಂದು ಮಾತು. ಈ ಖರ್ಚಿಗೆ ಬಂಗಾರ ಅಡವಿಡುವವರನ್ನು ನಾನು ಪ್ರತಿ ಬೇಸಿಗೆ ನೋಡುತ್ತೇನೆ. ಇದೂ ಜಾಲಕ್ಕೆ ಬರುವ ಸಾಲದ ಹಣವೇ. ಆದರೆ ನಾನು ಓದಿದ ಯಾವ ವರದಿಯಲ್ಲೂ ಇದು ಕಾಣಲಿಲ್ಲ.

ಎರಡನೆಯದು ಸೋಲಾರ್. ಜಾಲ ಬೆಳೆಸುವ ಬದಲು ಜಾಲದ ಮೇಲಿನ ಭಾರ ಇಳಿಸುವುದು. ಲೈನಿನಿಂದ 500 ಮೀಟರಿಗಿಂತ ದೂರ ಇರುವ ಬೋರಿಗೆ ರಾಜ್ಯ ಈಗ ಸೋಲಾರ್ ಪಂಪಿನತ್ತಲೇ ಕೈ ತೋರಿಸುತ್ತದೆ. ಅದಕ್ಕೆ ಕೇಂದ್ರದ ಸೋಲಾರ್ ಪಂಪ್ ಯೋಜನೆ ಕುಸುಮ್‌ನ ಬಿ ಭಾಗದಲ್ಲಿ ಕೇಂದ್ರ 30, ರಾಜ್ಯ 50, ರೈತ 20 ಪಾಲು. ಕುಸುಮ್ ಸಿ ಬೇರೆ. ಅದರಲ್ಲಿ ಸ್ಟೇಷನ್ ಹತ್ತಿರವೇ ಸೋಲಾರ್ ಪ್ಲಾಂಟ್ ಹಾಕಿ ಇಡೀ ಪಂಪ್‌ಸೆಟ್ ಫೀಡರನ್ನು ಹಗಲು ಓಡಿಸುತ್ತಾರೆ. ಕೇಂದ್ರದ ನೆರವು ನೂರಕ್ಕೆ 30, ಮೆಗಾವ್ಯಾಟಿಗೆ ಹೆಚ್ಚೆಂದರೆ 1.05 ಕೋಟಿ. ಉಳಿದದ್ದು ಹಾಕುವುದು ಬಿಡ್ಡಿನಲ್ಲಿ ಗೆದ್ದ ಕಂಪನಿ. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗೆ ಒಂದೇ ದಾರಿ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಕರೆಂಟ್ ಅಲ್ಲೇ ಹುಟ್ಟಿ ಅಲ್ಲೇ ಖರ್ಚಾದರೆ ಮೇಲಿನ 110 ಕೆವಿ ಲೈನಿಗೆ ಹಗಲಿನ ಭಾರ ಕಡಿಮೆ. ಸರ್ಕಾರಕ್ಕೆ ಪಂಪ್‌ಸೆಟ್ ಸಬ್ಸಿಡಿ ಕಡಿಮೆ. ರೈತನಿಗೆ ರಾತ್ರಿ ಬ್ಯಾಟರಿ ಹಿಡಿದು ಹಾವಿಗೆ ಅಂಜುತ್ತಾ ಹೋಗುವುದು ತಪ್ಪುತ್ತದೆ. ಆದರೆ ಹೊಲದ ಬದುವಿನ ಟಿಸಿ ಹಳೆಯದೇ ಇರುತ್ತದೆ. ಹಗಲು ಹನ್ನೊಂದು ಮೋಟರ್ ಒಟ್ಟಿಗೆ ಶುರುವಾದರೂ ಅದು ಸುಡುವುದು ಸುಟ್ಟೇ ಸುಡುತ್ತದೆ. ಅದಕ್ಕೇ ಫೀಡರ್ ಸೋಲಾರ್ ಮಾಡುವ ಕಡೆಯೇ ಅನುದಾನದಿಂದ ಟಿಸಿ ಬದಲಿಸುವ ಕೆಲಸವೂ ಜತೆಗೆ ನಡೆಯಬೇಕು. ಏತ ನೀರಾವರಿಯ ದೊಡ್ಡ ಮೋಟರುಗಳಿಗೆ ಬೇಕಾದ ಸ್ಟೇಷನ್ನು, ಮುಳವಾಡವೋ ಚಿಮ್ಮಲಗಿಯೋ, ಅದು ನೀರಾವರಿ ಯೋಜನೆಯ ಖರ್ಚಿನಲ್ಲೇ ಬರಲಿ. ಹಿಟ್ಟಿನ ಗಿರಣಿಯವನ ಬಿಲ್ಲಿಗೆ ಅದು ಬೇಡ. ಗಾಳಿ ಫ್ಯಾನಿನ ಕರೆಂಟ್ ಒಯ್ಯುವ ದೊಡ್ಡ ಲೈನಿಗೆ ಬಿಡ್ಡು, ಇಲ್ಲವೇ ಅನುದಾನ ಕೂಡಿದ ಉದ್ದ ಸಾಲ.

ಇದನ್ನೆಲ್ಲ ಎಲ್ಲಿ ಹೇಳುವುದು? ಹೆಸ್ಕಾಂ ದರ ಪರಿಷ್ಕರಣೆ ಅರ್ಜಿಯನ್ನು ಕೆಇಆರ್‌ಸಿಗೆ ಕೊಟ್ಟಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು, ವಿಚಾರಣೆಗೆ ಹೋಗಿ ಮಾತಾಡಬಹುದು. ಎಲ್ಲರೂ ದರ ಏರಿಸಬೇಡಿ ಅಂತಷ್ಟೇ ಹೇಳಿ ಬರುತ್ತಾರೆ. ಅದೇ ಅರ್ಜಿಯಲ್ಲಿ ಬಂಡವಾಳ ವೆಚ್ಚದ ಪಟ್ಟಿ ಇರುತ್ತದೆ. ಯಾವ ಕೆಲಸಕ್ಕೆ ಅನುದಾನ ಎಷ್ಟು, ಸಾಲ ಎಷ್ಟು, ಹೋದ ವರ್ಷ ಒಪ್ಪಿಗೆಯಾದದ್ದರಲ್ಲಿ ಮುಗಿದದ್ದು ಎಷ್ಟು ಅಂತ ಕೇಳಿದರೆ ಉತ್ತರ ಕೊಡಲೇಬೇಕು. ನಿಮ್ಮ ಫೀಡರಿನ ಹೆಸರು ಬರೆದುಕೊಂಡು ಹೋಗಿ.

ನಮ್ಮ ಹನ್ನೊಂದು ಜನ ಮೂರು ಸಲ ಕೂತೆವು. ಶೀಘ್ರ ಸಂಪರ್ಕಕ್ಕೆ ದುಡ್ಡು ಹಾಕುವುದು ಬೇಡ, ಹೆಚ್ಚುವರಿ ಟಿಸಿಗೆ ಹೆಸ್ಕಾಂಗೇ ಅರ್ಜಿ ಕೊಡೋಣ ಅಂತ ಆಯಿತು. ಅರ್ಜಿಯಲ್ಲಿ ನಿಜವಾದ ಎಚ್‌ಪಿ ಬರೆಯಬೇಕು. 5 ಅಂತ ಬರೆದರೆ ಕಾಗದದಲ್ಲಿ ಹಳೆಯ ಟಿಸಿಯೇ ಸಾಕು, ಹೊಸದು ಯಾಕೆ ಕೊಡುತ್ತಾರೆ? ಮೊದಲು ಯಾರೂ ಬಾಯಿ ಬಿಡಲಿಲ್ಲ. ಕಾಕಾ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ತಮ್ಮ ಹೆಸರಿನ ಮುಂದೆ ಏಳೂವರೆ ಅಂತ ಬರೆದರು. ಆಮೇಲೆ ಉಳಿದ ಒಂಬತ್ತು ಜನರೂ ಬರೆದರು. ಹನ್ನೊಂದನೆಯವರು ಇನ್ನೂ 5ರಲ್ಲೇ ಇದ್ದಾರೆ. ಅವರ ಮೋಟರಿನ ಸದ್ದು ಮಾತ್ರ ಹತ್ತರದು.